ಪುಟ ಕಟ್ಟುವವರು

ಗೋಪಾಲಕೃಷ್ಣ ಅಡಿಗರು 1962ರಲ್ಲಿ ಶುರು ಮಾಡಿದ ‘ಸಾಕ್ಷಿ’, ವಿವೇಕ ಶಾನಭಾಗರ ‘ದೇಶ ಕಾಲ’ದಂಥ ಸಾಹಿತ್ಯ ಪತ್ರಿಕೆಗಳು ಅಂದ ಕೂಡಲೇ ಸಂಪಾದಕರು ನೆನಪಾಗ್ತಾರೆ. ಪುಟ ಕಟ್ಟಿದವರು, ಕರಡು ತಿದ್ದಿದವರು ಯಾರು ಅಂದ್ರೆ ಎಲ್ಲರೂ ಗಪ್‌ಚುಪ್.

ಕನ್ನಡದ ಪುಟ ಕಟ್ಟೋದು ಇಂಗ್ಲಿಷಿನಷ್ಟು ಸಲೀಸಲ್ಲ. 11 ಪಾಯಿಂಟಿನ ಅಕ್ಷರಕ್ಕೆ ಸಾಲಿನ ಅಂತರ 13 ಇಟ್ಟರೆ ‘ಸ್ತ್ರೀ’ಯ ಒತ್ತು ಕೆಳಗಿನ ಸಾಲಿನ ‘ಕಿ’ಯ ಗುಡಿಸಿಗೆ ಗುದ್ದುತ್ತೆ. 16 ಇಟ್ಟರೆ ಪುಟ ಉಸಿರಾಡುತ್ತೆ.

ಇನ್ನು ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಬಂದ ಬರಹ. ಅದರಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂತಿರುತ್ತೆ, ಈಗ ಎಲ್ಲ ಕಡೆ ಬಳಸೋ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ಅಕ್ಷರಕ್ಕಿಂತ ಮೊದಲೇ ಬರಬೇಕು. ಒಂದರಿಂದ ಇನ್ನೊಂದಕ್ಕೆ ಬದಲಿಸೋ ಪರಿವರ್ತಕ ತಂತ್ರಾಂಶ ಎಡವಿದರೆ ‘ಅರ್ಥ’ ಹೋಗಿ ‘ಅಥರ್’. ಪದದ ಕೊನೆಯ ‘ರ್’ ಹುಡುಕಿ ಒಟ್ಟಿಗೇ ಬದಲಿಸೋಣ ಅಂದ್ರೆ ‘ಡಾಕ್ಟರ್’, ‘ಪೋಸ್ಟರ್’ ಕೂಡ ಬಲೆಗೆ ಬೀಳ್ತವೆ. ಹಾಗಾಗಿ ಒಂದೊಂದನ್ನೂ ಕಣ್ಣಲ್ಲೇ ನೋಡಬೇಕು. (ಸಂಬಳ? ಆ ಮಾತು ಬೇಡ ಬಿಡಿ.)

ಮುಖಪುಟದ ಯಕ್ಷಗಾನ ವೇಷದ ಕೆಂಪು ಮೊಬೈಲಿನಲ್ಲಿ ಝಗಮಗ. ಅಚ್ಚಿನ ನಾಲ್ಕು ಬಣ್ಣಕ್ಕೆ ಇಳಿಸಿದಾಗ ಮಂಕು. ಅದಕ್ಕೇ ಕಾಗದದ ಮೇಲೆ ಪ್ರೂಫ್ ತೆಗೆಸಿ ನೋಡಬೇಕು.

ಅಚ್ಚು ಫಾರಂ ಲೆಕ್ಕದಲ್ಲಿ, ಅಂದ್ರೆ ಒಟ್ಟಿಗೇ ಅಚ್ಚಾಗೋ 16 ಪುಟಗಳ ಕಟ್ಟಿನ ಲೆಕ್ಕದಲ್ಲಿ. ಬರಹಗಳು 66 ಪುಟಕ್ಕೆ ಬಂದರೆ 64ಕ್ಕೆ ಇಳಿಸಲೇಬೇಕು. ಆ ಎರಡು ಪುಟಕ್ಕೆ ಬಲಿಯಾಗೋದು ಹೆಚ್ಚಾಗಿ ಕವಿತೆಯೇ.