ಓಟಿ ದಿನದ ಲೆಕ್ಕ: ಬುದ್ಧಿಯ ಪಾಲೆಷ್ಟು, ಕೈಯ ಪಾಲೆಷ್ಟು

ನಮ್ಮ ಸರ್ಜರಿ ಯೂನಿಟ್ಟಿಗೆ ವಾರದಲ್ಲಿ ಎರಡು ಓಟಿ ದಿನ, ಅಂದರೆ ಆಪರೇಷನ್ ಥಿಯೇಟರಿನ ದಿನ. ಬೆಳಿಗ್ಗೆ ಆರೂವರೆಗೆ ವಾರ್ಡಿಗೆ ಬರುವ ಎರಡನೇ ವರ್ಷದ ಪಿಜಿಯ (ಸರ್ಜನ್ ಆಗಲು ಕಲಿಯುತ್ತಿರುವ ಸ್ನಾತಕೋತ್ತರ ವೈದ್ಯೆಯ) ಕೋಟು ನೋಡಿದರೆ, ಗುಂಡಿಯಿಂದ ಕಪ್ಪು ರೇಷ್ಮೆ ದಾರದ ಜಡೆಯೊಂದು ಇಳಿಬಿದ್ದಿರುತ್ತದೆ. ಅವಧಿ ಮುಗಿದ ಹೊಲಿಗೆ ದಾರವನ್ನು ಸಿಸ್ಟರ್ ಹತ್ತಿರ ಕೇಳಿ ಪಡೆದು, ರಾತ್ರಿ ಡ್ಯೂಟಿಯಲ್ಲಿ ಒಂದರ ಮೇಲೊಂದು ಹಾಕಿದ ಗಂಟುಗಳು ಅವು. ಮಂಚದ ಸರಳು, ಕುರ್ಚಿಯ ಕೈ, ಬಾಗಿಲ ಚಿಲಕ, ಎಲ್ಲೆಲ್ಲೂ ಇಂಥ ಜಡೆಗಳು ಸಿಗುತ್ತವೆ. ಮಕ್ಕಳನ್ನು ಸರ್ಜನ್ ಮಾಡಬೇಕೆಂದಿರುವ ತಂದೆತಾಯಂದಿರು ನಮ್ಮಲ್ಲಿ ಕೇಳುವುದು ಒಂದೇ ಪ್ರಶ್ನೆ: "ಅದಕ್ಕೆ ತುಂಬಾ ತಲೆ ಬೇಕಲ್ವಾ ಡಾಕ್ಟ್ರೇ? ನಮ್ಮ ಹುಡುಗ ಕಷ್ಟಪಟ್ಟು ಓದ್ತಾನೆ, ಆದ್ರೆ ಕ್ಲಾಸಿಗೆ ಫಸ್ಟ್ ಏನಲ್ಲ." ಉತ್ತರದ ಅರ್ಧ ಈ ಜಡೆಯಲ್ಲಿದೆ. ಉಳಿದರ್ಧ ಹೊಟ್ಟೆಯೊಳಗೆ, ಪಿತ್ತಕೋಶದ ಬುಡದಲ್ಲಿ.

ಮೊದಲು ಗಂಟಿನ ವಿಷಯ. ಮೊದಲ ಸುತ್ತು ಒಂದು ದಿಕ್ಕಿಗಾದರೆ ಎರಡನೆಯದು ಅದರ ವಿರುದ್ಧ ದಿಕ್ಕಿಗೆ ಬೀಳಬೇಕು. ಕೈಗಳು ಒಂದನ್ನೊಂದು ದಾಟದಿದ್ದರೆ ಗಂಟು ಚಪ್ಪಟೆಯಾಗಿ ಕೂರುವುದಿಲ್ಲ, ಜಾರುಗಂಟಾಗುತ್ತದೆ. ಬಿಗಿಸುವಾಗ ದಾರವನ್ನು ಮೇಲಕ್ಕೆ ಎಳೆಯುವುದು ಇನ್ನೊಂದು ತಪ್ಪು. ಕಟ್ಟಿದ ನಾಳವೇ ಕಿತ್ತು ಬರುತ್ತದೆ. ತೋರುಬೆರಳು ಗಂಟಿನವರೆಗೆ ಇಳಿದು ಅದನ್ನು ಕೆಳಕ್ಕೆ ಒತ್ತಿ ಕೂರಿಸಬೇಕು. ಹೆಣೆದ ರೇಷ್ಮೆಗೆ ಮೂರು ಸುತ್ತು ಸಾಕು. ಒಂಟಿ ಎಳೆಯ ಪ್ರೊಲೀನ್ ದಾರಕ್ಕೆ ಐದಾರು ಬೇಕು, ಏಕೆಂದರೆ ಅದು ಪ್ಯಾಕೆಟ್ಟಿನೊಳಗೆ ಸುರುಳಿಯಾಗಿದ್ದ ನೆನಪನ್ನು ಬಿಡದೆ ಬಿಚ್ಚಿಕೊಳ್ಳಲು ನೋಡುತ್ತದೆ. ಕೋಟಿನ ಗುಂಡಿಯ ಮೇಲೆ ಗಂಟು ಜಾರಿದರೆ ಯಾರಿಗೂ ನಷ್ಟವಿಲ್ಲ. ರಕ್ತನಾಳದ ಮೇಲೆ ಜಾರಿದರೆ ನಡುರಾತ್ರಿ ರೋಗಿಯ ನಾಡಿ 130ಕ್ಕೆ ಏರುತ್ತದೆ.

ಇದರಲ್ಲಿ ಹತ್ತನೇ ತರಗತಿಯ ಹುಡುಗನಿಗೆ ಅರ್ಥವಾಗದ್ದು ಏನೂ ಇಲ್ಲ. ಆದರೆ ಅರ್ಥವಾದದ್ದು ಬೆರಳಿಗೆ ಇಳಿಯಬೇಕಾದರೆ ಸಾವಿರಾರು ಗಂಟು ಬೇಕು. ಅಲ್ಲೇ ಒಂದು ಅಪಾಯವೂ ಇದೆ: ತಪ್ಪಾಗಿ ಹಾಕಿದ ಸಾವಿರ ಗಂಟು ತಪ್ಪನ್ನೇ ಗಟ್ಟಿ ಮಾಡುತ್ತದೆ, ಆಮೇಲೆ ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಅದಕ್ಕೇ ಮೊದಲ ವಾರ ಸೀನಿಯರ್ ಒಬ್ಬರು ಪಕ್ಕದಲ್ಲಿ ಕೂತು ಪ್ರತಿ ಗಂಟನ್ನೂ ಎಳೆದು ನೋಡಬೇಕು. ದುಡಿಮೆ ಎಂದರೆ ತಿದ್ದಿಸಿಕೊಂಡ ದುಡಿಮೆ. ಬರೀ ಗಂಟೆಗಳ ಲೆಕ್ಕವಲ್ಲ.

ಪರೀಕ್ಷೆಗಳು ಇದ್ಯಾವುದನ್ನೂ ಅಳೆಯುವುದಿಲ್ಲ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಹೌಸ್ ಸರ್ಜನ್ಸಿ ಒಂದು ವರ್ಷ. ಆಮೇಲೆ ನೀಟ್ ಪಿಜಿ, 200 ಪ್ರಶ್ನೆ. ಅದು ದಾಟಿದರೆ ಸರ್ಜನ್ ಪದವಿ ಎಂಎಸ್ ಮೂರು ವರ್ಷ, ಅದರ ಮೇಲಿನ ವಿಶೇಷ ಪದವಿ ಎಂಸಿಎಚ್ ಬೇಕೆಂದರೆ ಮತ್ತೆ ಮೂರು. ಎಲ್ಲೂ ತಡೆಯಿಲ್ಲದೆ ನಡೆದರೂ ಹನ್ನೊಂದೂವರೆ ವರ್ಷ. ಸೀಟು ಸಿಗಲು ಒಳ್ಳೆಯ ನೆನಪು, ಚುರುಕು, ಹಟ ಬೇಕು ನಿಜ. ಆದರೆ ಆ ಪ್ರವೇಶ ಪರೀಕ್ಷೆಗಳಲ್ಲಿ ಒಂದರಲ್ಲೂ ಸೂಜಿ ಹಿಡಿಸಿ ನೋಡುವುದಿಲ್ಲ. ಸೀಟು ಪಡೆಯಲು ಬೇಕಾದ ಗುಣವನ್ನೇ ಸರ್ಜನ್ ಆಗಲು ಬೇಕಾದ ಗುಣವೆಂದು ಜನ ತಿಳಿದಿರುವುದು ಹೀಗೆ. 2021ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು 72 ಮಂದಿ ಮೆದುಳು ಶಸ್ತ್ರಚಿಕಿತ್ಸಕರನ್ನೂ 329 ಮಂದಿ ಏರೋಸ್ಪೇಸ್ ಎಂಜಿನಿಯರುಗಳನ್ನೂ ಜನಸಾಮಾನ್ಯರ ಜೊತೆ ಹೋಲಿಸಿತು. ಶಸ್ತ್ರಚಿಕಿತ್ಸಕರು ಸಮಸ್ಯೆ ಬಿಡಿಸುವ ವೇಗದಲ್ಲಿ ತುಸು ಮುಂದೆ, ನೆನಪಿನಿಂದ ಹೊರತೆಗೆಯುವ ವೇಗದಲ್ಲಿ ತುಸು ಹಿಂದೆ. ಉಳಿದುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಏಳು ಗಂಟೆಗೆ ಪಟ್ಟಿಯ ಮೊದಲ ರೋಗಿಯ ಹತ್ತಿರ. ಪಿತ್ತಕೋಶದ ಕಲ್ಲು, ಲ್ಯಾಪರೊಸ್ಕೋಪಿ: ಸಣ್ಣ ರಂಧ್ರಗಳಿಂದ ಕ್ಯಾಮೆರಾ, ಸಲಕರಣೆ ಇಳಿಸಿ ಪಿತ್ತಕೋಶ ತೆಗೆಯುವುದು. "ಅಮ್ಮಾ, ರಾತ್ರಿಯಿಂದ ಏನೂ ತಿಂದಿಲ್ಲ ತಾನೆ?" ಎಂದರೆ "ಇಲ್ಲ ಡಾಕ್ಟ್ರೇ" ಎನ್ನುತ್ತಾರೆ. "ಕಾಫಿ?" ಎಂದು ಬೇರೆಯಾಗಿ ಕೇಳಿದರೆ, "ಕಾಫಿ ಒಂದ್ಲೋಟ ಕುಡಿದೆ, ಊಟ ಏನೂ ಮಾಡಿಲ್ಲ." ಹಾಲು ಹಾಕಿದ ಕಾಫಿ ಊಟದ ಲೆಕ್ಕವೇ, ಆರು ಗಂಟೆ ಕಾಯಬೇಕು. ಇಲ್ಲದಿದ್ದರೆ ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಪಟ್ಟಿ ಬದಲಾಗುತ್ತದೆ, ಎರಡನೆಯವರು ಮೊದಲಾಗುತ್ತಾರೆ. ಕಾಫಿಯನ್ನು ಬೇರೆಯಾಗಿ ಕೇಳಬೇಕೆಂದು ತಿಳಿದಿರುವುದು ಯಾವ ಐಕ್ಯೂ ಪರೀಕ್ಷೆಯಲ್ಲೂ ಬರುವುದಿಲ್ಲ. ಹಾಸಿಗೆಯ ಪಕ್ಕ ನಿಂತು ನಿಂತು ಬರುವ ತಿಳಿವಳಿಕೆ ಅದು.

ಥಿಯೇಟರಿನಲ್ಲಿ ಚಾಕು ಮುಟ್ಟುವ ಮೊದಲು ಚೆಕ್‌ಲಿಸ್ಟ್. ವಿಶ್ವ ಆರೋಗ್ಯ ಸಂಸ್ಥೆಯದರಲ್ಲಿ 19 ಅಂಶಗಳಿವೆ: ಹೆಸರು, ಯಾವ ಆಪರೇಷನ್, ಯಾವ ಕಡೆ, ಅಲರ್ಜಿ, ಆ್ಯಂಟಿಬಯಾಟಿಕ್ ಕೊಟ್ಟಾಯಿತೇ, ಕೊನೆಯಲ್ಲಿ ಬಟ್ಟೆ, ಸೂಜಿಗಳ ಎಣಿಕೆ. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿ ನೋಡಿದರು, ದೆಹಲಿಯೂ ಅದರಲ್ಲಿತ್ತು. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಾವು ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ಅಲ್ಲಿ ಯಾರ ಬುದ್ಧಿಯೂ ರಾತ್ರೋರಾತ್ರಿ ಹೆಚ್ಚಿರಲಿಲ್ಲ. ಜೋರಾಗಿ ಓದಿ, ಜೋರಾಗಿ ಉತ್ತರಿಸಿದ್ದಷ್ಟೇ.

ಹೊಕ್ಕುಳ ಬಳಿ 10 ಮಿ.ಮೀ. ರಂಧ್ರ, ಎದೆಗೂಡಿನ ಕೆಳಗೆ ನಡುವೆ ಇನ್ನೊಂದು 10, ಬಲಕ್ಕೆ 5 ಮಿ.ಮೀ.ನ ಎರಡು. ಇಂಗಾಲದ ಡೈಆಕ್ಸೈಡ್ ತುಂಬಿ ಒತ್ತಡವನ್ನು 12ರಿಂದ 14 ಮಿ.ಮೀ. ಪಾದರಸದಲ್ಲಿ ನಿಲ್ಲಿಸುತ್ತಾರೆ. ತಲೆಯ ಭಾಗ ಮೇಲೆ, ಮೇಜು ಎಡಕ್ಕೆ ವಾಲಿದರೆ ಕರುಳು ತಾನಾಗಿ ಸರಿದು ಜಾಗ ಬಿಡುತ್ತದೆ. ಮೊದಲ ವರ್ಷದ ಪಿಜಿಗೆ ಕ್ಯಾಮೆರಾ. ಇದು ಬರೀ ಹಿಡಿದುಕೊಂಡು ನಿಲ್ಲುವ ಕೆಲಸವಲ್ಲ. ತುದಿ ಓರೆಯಾಗಿ ನೋಡುವ 30 ಡಿಗ್ರಿ ಸ್ಕೋಪಿನಲ್ಲಿ ಕ್ಯಾಮೆರಾ ತಲೆಯನ್ನು ನೇರವಾಗಿ ಹಿಡಿದು ಬೆಳಕಿನ ಕೇಬಲ್ಲನ್ನು ಮಾತ್ರ ತಿರುಗಿಸಿ ಪಕ್ಕದಿಂದ ನೋಡಬೇಕು. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಚಿತ್ರ ವಾಲುತ್ತದೆ, ಸರ್ಜನ್ನಿಗೆ ಕೆಳಗು ಯಾವುದು ಮೇಲು ಯಾವುದು ತಿಳಿಯದಾಗುತ್ತದೆ. ಗಾಜು ಮಂಜಾದರೆ ಬಿಸಿನೀರಿನಲ್ಲಿ ಅದ್ದಿ ಒರೆಸಬೇಕು.

ಉದ್ದ ಸಲಕರಣೆಗಳಲ್ಲಿ ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಹೋಗುತ್ತದೆ. ಪರದೆಯಲ್ಲಿ ಆಳ ಕಾಣುವುದಿಲ್ಲ. ಹೊಸಬರೆಲ್ಲರೂ ಇಲ್ಲಿ ತಡವರಿಸುತ್ತಾರೆ, ಮೂರು ಆಯಾಮವನ್ನು ಮನಸ್ಸಿನಲ್ಲೇ ತಿರುಗಿಸಬಲ್ಲವರು ಸ್ವಲ್ಪ ಕಡಿಮೆ ತಡವರಿಸುತ್ತಾರೆ. ಹುಟ್ಟಿನಿಂದ ಬಂದ ಪ್ರತಿಭೆ ಕಾಣುವುದು ಈ ಹಂತದಲ್ಲೇ, ಅದನ್ನು ಅಲ್ಲಗಳೆಯಬಾರದು. ಆದರೆ ಅದು ಎಷ್ಟು ಕಾಲ ಉಳಿಯುತ್ತದೆ? ಟೊರೊಂಟೊದಲ್ಲಿ ಇದನ್ನೇ ಪರೀಕ್ಷಿಸಿ 2002ರಲ್ಲಿ ಲ್ಯಾನ್ಸೆಟ್‌ನಲ್ಲಿ ಬರೆದರು. ಆಕಾರ ಗ್ರಹಿಸುವ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರು ಚರ್ಮವನ್ನು ಇಂಗ್ಲಿಷಿನ 'ಝೆಡ್' ಆಕಾರದಲ್ಲಿ ಕತ್ತರಿಸಿ ಕೂಡಿಸುವುದನ್ನು ಮೊದಲಿಗೆ ಚೆನ್ನಾಗಿ ಮಾಡಿದರು. ಅಭ್ಯಾಸ ಮಾಡಿಸಿ, ತಪ್ಪು ತೋರಿಸಿಕೊಟ್ಟ ಮೇಲೆ ಕಡಿಮೆ ಅಂಕದವರೂ ಅವರ ಸಮಕ್ಕೆ ಬಂದರು. ರಟ್ಟಿನ ಪೆಟ್ಟಿಗೆ, ಒಳಗೊಂದು ಎಲ್‌ಇಡಿ ದೀಪ, ಮೇಲೊಂದು ಹಳೆಯ ಫೋನಿನ ಕ್ಯಾಮೆರಾ, ಎರಡು ತೂತು: ಇಷ್ಟಿದ್ದರೆ ಹಾಸ್ಟೆಲ್ ಕೋಣೆಯಲ್ಲೇ ಉಂಗುರಗಳನ್ನು ಒಂದು ಗೂಟದಿಂದ ಇನ್ನೊಂದಕ್ಕೆ ಹಾಕಿ ಕಲಿಯಬಹುದು. ಈ ಯೋಚನೆ ಹೊಸದೂ ಅಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 9ನೇ ಅಧ್ಯಾಯ ಪೂರ್ತಿ ಇದರ ಬಗ್ಗೆಯೇ: ಕೊಯ್ಯುವುದನ್ನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆಯ ಮೇಲೆ, ಸಿರೆ ಚುಚ್ಚುವುದನ್ನು ತಾವರೆ ದಂಟಿನ ಮೇಲೆ, ಹೊಲಿಯುವುದನ್ನು ಬಟ್ಟೆಯ ಅಂಚಿನ ಮೇಲೆ ಕಲಿ ಎನ್ನುತ್ತದೆ. ಎಷ್ಟೇ ಓದಿದ್ದರೂ ಹೀಗೆ ಕೈ ಪಳಗದವನು ಆ ಕೆಲಸಕ್ಕೆ ತಕ್ಕವನಲ್ಲ ಎಂದೂ ಅಲ್ಲಿದೆ.

ಇನ್ನು ಪಿತ್ತಕೋಶದ ಬುಡ. ಆಪರೇಷನ್ನಿನ ಜೀವ ಇರುವುದು ಈ ಎರಡು ಮೂರು ಸೆಂಟಿಮೀಟರಿನಲ್ಲಿ. ಪಿತ್ತಕೋಶದಿಂದ ಹೊರಡುವ ಸಣ್ಣ ನಾಳವನ್ನೂ ಅದಕ್ಕೆ ರಕ್ತ ತರುವ ಧಮನಿಯನ್ನೂ ಕತ್ತರಿಸಬೇಕು. ಪಕ್ಕದಲ್ಲೇ ಲಿವರಿನಿಂದ ಬರುವ ಮುಖ್ಯ ಪಿತ್ತನಾಳವಿದೆ, ಅದನ್ನು ಮುಟ್ಟಕೂಡದು. ಸಹಾಯಕ್ಕೆ ನಿಂತವರು ಪಿತ್ತಕೋಶದ ತುದಿಯನ್ನು ಬಲ ಭುಜದ ಕಡೆಗೆ ತಳ್ಳಿ ಹಿಡಿಯಬೇಕು, ಸರ್ಜನ್ ಅದರ ಕುತ್ತಿಗೆಯನ್ನು ಹೊರಕ್ಕೆ, ಬಲಕ್ಕೆ ಎಳೆಯಬೇಕು. ಆಗ ಸಣ್ಣ ನಾಳ ಮುಖ್ಯ ನಾಳಕ್ಕೆ ಕೋನವಾಗಿ ನಿಲ್ಲುತ್ತದೆ. ಕುತ್ತಿಗೆಯನ್ನೂ ಮೇಲಕ್ಕೇ ಎಳೆದರೆ ಎರಡೂ ಒಂದೇ ಗೆರೆಗೆ ಬರುತ್ತವೆ, ಮುಖ್ಯ ನಾಳವೇ ಸಣ್ಣ ನಾಳದಂತೆ ಕಾಣುತ್ತದೆ. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಭಯವಿರುವುದು ಅದರಲ್ಲೇ.

2003ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಪಿತ್ತನಾಳಕ್ಕಾದ ಇಂಥ 252 ಗಾಯಗಳನ್ನು ಒಂದೊಂದಾಗಿ ನೋಡಿತು. ಶೇ. 97ರಲ್ಲಿ ಮೂಲ ಕಾರಣ ಕಣ್ಣಿನ ಭ್ರಮೆ, ಒಂದನ್ನು ಇನ್ನೊಂದೆಂದು ನಂಬಿದ್ದು. ಕೈಚಳಕದ ಕೊರತೆ ಶೇ. 3ರಲ್ಲಿ ಮಾತ್ರ. ಚುರುಕು ಬುದ್ಧಿ ಇಲ್ಲಿ ಕಾಪಾಡುವುದಿಲ್ಲ. 'ಗೊತ್ತಾಯಿತು' ಎಂದು ಬೇಗ ತೀರ್ಮಾನಿಸುವವರಿಗೆ ಅದು ಎದುರೇ ನಿಲ್ಲಬಹುದು. ಕಾಪಾಡುವುದು 1995ರಲ್ಲಿ ಸರ್ಜನ್ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು ಬರೆದಿಟ್ಟ ಮೂರು ಷರತ್ತು. ಸಣ್ಣ ನಾಳ, ಮುಖ್ಯ ನಾಳ, ಲಿವರಿನ ಅಂಚು ಸೇರಿ ಆಗುವ ತ್ರಿಕೋನದ ಕೊಬ್ಬು, ನಾರು ಪೂರ್ತಿ ಬಿಡಿಸಿರಬೇಕು. ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಲಿವರಿನಿಂದ ಬೇರ್ಪಟ್ಟಿರಬೇಕು. ಪಿತ್ತಕೋಶಕ್ಕೆ ಸೇರುವ ಎರಡೇ ಎರಡು ರಚನೆ ಕಾಣಬೇಕು. ಮುಂದಿನಿಂದ ನೋಡಿ, ಹಿಂದಿನಿಂದ ನೋಡಿ, ಆಮೇಲೆ ನಾಳ ಮುಚ್ಚುವ ಕ್ಲಿಪ್: ಒಳಗುಳಿಯುವ ಕಡೆ ಎರಡು, ಹೊರಬರುವ ಕಡೆ ಒಂದು.

ಪಿಜಿ ಇಲ್ಲಿಯವರೆಗೆ ಬಿಡಿಸಿಕೊಂಡು ಬಂದು, "ಸರ್, ಕ್ಲಿಪ್ ಹಾಕ್ಲಾ?" ಎಂದಾಗ ನಾವು ಕೇಳುವುದು, "ಹಿಂದೆ ಲಿವರ್ ಕಾಣ್ತಿದೆಯಾ?" ಕಾಣದಿದ್ದರೆ ಇನ್ನೂ ಬಿಡಿಸಬೇಕು. ಪದೇ ಪದೇ ಉರಿಯೂತವಾಗಿ ಎಲ್ಲ ಅಂಟಿಕೊಂಡಿದ್ದರೆ ಬಿಡಿಸುವುದೇ ಅಪಾಯ. ಆಗ ನಿಲ್ಲಿಸಿ ಇನ್ನೊಬ್ಬ ಸರ್ಜನ್ನನ್ನು ಕರೆಯಬಹುದು, ಪಿತ್ತಕೋಶದ ಮೇಲ್ಭಾಗವನ್ನಷ್ಟೇ ತೆಗೆದು ಬುಡ ಬಿಡಬಹುದು, ಹೊಟ್ಟೆ ತೆರೆಯಬಹುದು. ಮುಕ್ಕಾಲು ಗಂಟೆಯ ಕೆಲಸ ಮೂರು ಗಂಟೆಯಾಗುತ್ತದೆ. ಹೊಟ್ಟೆ ತೆರೆದದ್ದು ಸೋಲೆಂದು ಯಾರಾದರೂ ಪಿಜಿಗೆ ಹೇಳಿಕೊಟ್ಟರೆ ಅವರು ಅವಳಿಗೂ ಮುಂದಿನ ರೋಗಿಗೂ ಕೆಟ್ಟದ್ದು ಮಾಡಿದಂತೆ. ನಿಲ್ಲಿಸಲು ಬರುವುದನ್ನೂ ಸೂಜಿ ಹಿಡಿಯುವುದರಂತೆಯೇ ಕಲಿಸಬೇಕು: ದೊಡ್ಡವರು ಅವಳೆದುರೇ ನಿಲ್ಲಿಸಿ ತೋರಿಸಬೇಕು.

ಕೈಚಳಕ ಲೆಕ್ಕಕ್ಕಿಲ್ಲವೆಂದು ಇದರರ್ಥವಲ್ಲ. ಮಿಷಿಗನ್‌ನಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡುವ 20 ಸರ್ಜನ್ನರು ತಮ್ಮ ತಮ್ಮ ವಿಡಿಯೊ ಕೊಟ್ಟರು, ಹೆಸರು ಮರೆಸಿ ಸಹೋದ್ಯೋಗಿಗಳು ಅಂಕ ಹಾಕಿದರು. 2013ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಕೆಳಗಿನ ಕಾಲು ಭಾಗದವರ ರೋಗಿಗಳಲ್ಲಿ ತೊಡಕು ಶೇ. 14.5, ಮೇಲಿನವರದರಲ್ಲಿ 5.2. ಅವರೆಲ್ಲರೂ ತರಬೇತಿ ಮುಗಿಸಿ ಪೂರ್ಣ ಪ್ರಮಾಣದಲ್ಲಿ ಕೆಲಸ ಮಾಡುತ್ತಿದ್ದವರೇ. ಪದವಿ ಬಂದ ಮೇಲೆ ಯಾರೂ ನಮ್ಮ ಕೈಯನ್ನು ನೋಡುವುದಿಲ್ಲ, ತಿದ್ದುವುದಿಲ್ಲ. ಪ್ರತಿ ಯೂನಿಟ್ಟೂ ತಿಂಗಳಿಗೊಮ್ಮೆ ತನ್ನ ವಿಡಿಯೊಗಳನ್ನು ಕೂತು ನೋಡಬೇಕೆಂದು ನಾವು ಹೇಳುವುದು ಇದಕ್ಕೇ.

ದುಡಿಮೆಯ ಹೆಸರಿನಲ್ಲಿ ನಡೆಯುವ ಒಂದು ಅನ್ಯಾಯವನ್ನೂ ಹೇಳಲೇಬೇಕು. 36 ಗಂಟೆ ನಿದ್ದೆಯಿಲ್ಲದೆ ನಿಂತ ಪಿಜಿ ಏನೂ ಕಲಿಯುವುದಿಲ್ಲ. ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಎಂದು ಕೇಂದ್ರದ ರೆಸಿಡೆನ್ಸಿ ಆದೇಶ 1992ರಲ್ಲೇ ಹೇಳಿತ್ತು. ಕಾಗದ ತಳ್ಳುವುದು, ರಕ್ತದ ಬಾಟಲಿ ತರಲು ಓಡುವುದು ಅಭ್ಯಾಸವಲ್ಲ.

ಸಂಜೆ ಎರಡನೇ ವರ್ಷದ ಪಿಜಿ ಪಿತ್ತಕೋಶವನ್ನು ಕತ್ತರಿಸಿ ಕಲ್ಲುಗಳನ್ನು ರೋಗಿಯ ಮನೆಯವರಿಗೆ ತೋರಿಸಿ, ಕೋಶವನ್ನು ಪೆಥಾಲಜಿಗೆ ಕಳಿಸಿ, ಆಪರೇಷನ್ ನೋಟ್ ಬರೆಯುತ್ತಾಳೆ. ಮೂರು ಷರತ್ತು ಪೂರೈಸಿತೇ ಎಂಬುದು ಅದರಲ್ಲಿ ಬೇರೆ ಸಾಲಾಗಿ ಇರಬೇಕು. ರಾತ್ರಿ ಹತ್ತಕ್ಕೆ ಮತ್ತೆ ವಾರ್ಡು. ಭುಜದ ನೋವು ಆಪರೇಷನ್ನಿನಲ್ಲಿ ಹೊಟ್ಟೆಗೆ ತುಂಬಿದ ಗ್ಯಾಸಿನದು, ಎರಡು ದಿನದಲ್ಲಿ ಹೋಗುತ್ತದೆ. ಹೊಟ್ಟೆ ನೋವು ಕಡಿಮೆಯಾಗುವ ಬದಲು ಹೆಚ್ಚುತ್ತಿದ್ದರೆ, ನಾಡಿ ಏರುತ್ತಿದ್ದರೆ, ಜ್ವರ ಬಂದರೆ ಅದನ್ನೂ ಗ್ಯಾಸೆಂದು ಬಿಡುವುದು ಪಿತ್ತ ಸೋರುತ್ತಿರುವುದನ್ನು ತಪ್ಪಿಸಿಕೊಳ್ಳುವ ಮಾಮೂಲಿ ದಾರಿ. ಫೋನಿನಲ್ಲಿ ಸಿಸ್ಟರನ್ನು ಕೇಳಿದರೆ ಸಾಲದು, ಹೊಟ್ಟೆಯ ಮೇಲೆ ಕೈಯಿಟ್ಟೇ ನೋಡಬೇಕು. ನೋಡಿ, ಹೊಟ್ಟೆಯೊಳಗಿನ ದ್ರವ ಕೊಳವೆಯಿಂದ ಇಳಿಯುವ ಡ್ರೈನ್ ಬಾಟಲಿಯನ್ನು ಬೆಳಕಿಗೆ ಹಿಡಿದು, ಕೇಸ್ ಶೀಟಿನಲ್ಲಿ ಬರೆಯುತ್ತಾಳೆ: ನಾಡಿ 84, ಹೊಟ್ಟೆ ಮೆತ್ತಗಿದೆ, ಡ್ರೈನ್ 30 ಎಂಎಲ್, ತಿಳಿಗೆಂಪು, ಪಿತ್ತವಿಲ್ಲ.