ಮೈಹಾಮ ಯಾವ ಕಸ್ಟಮರ್?

ಸ್ಟಾಲ್‌ನಲ್ಲಿ ನಿಲ್ಲುವ ಕೆಲಸ ಮಾಡಿದವರಿಗೆ ಗೊತ್ತು, ಮೊದಲು ನೋಯುವುದು ಕೆನ್ನೆ. ನಕ್ಕು ನಕ್ಕು. ಕಾಲಿನ ಸರದಿ ಮಧ್ಯಾಹ್ನದ ಮೇಲೆ. 2023ರ ಅಕ್ಟೋಬರ್‌ನಲ್ಲಿ ನಾನು ಮತ್ತು ನಮ್ಮ ಜಿಎಂ ಸಾಹೇಬರು ಜಪಾನಿನ ಮಕುಹಾರಿ ಮೆಸ್ಸೆ ಎಂಬ ಎಕ್ಸಿಬಿಷನ್ ಕೇಂದ್ರದಲ್ಲಿ ನಾಲ್ಕು ದಿನ ಹೀಗೆ ನಿಂತಿದ್ದೆವು. ನಮ್ಮದು ಪೀಣ್ಯದ ಸಣ್ಣ ಕಂಪನಿ. ಒತ್ತಡ ಅಳೆಯುವ ಪ್ರೆಶರ್ ಸೆನ್ಸರ್ ಮಾಡುತ್ತೇವೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಎರಡೂ ಕೈಯಲ್ಲಿ ಕಾರ್ಡ್ ಕೊಡುವುದು, ಎರಡೂ ಕೈಯಲ್ಲಿ ಕಾರ್ಡ್ ತಗೊಳ್ಳುವುದು, ಬಗ್ಗುವುದು. ಅವರು ಇನ್ನೊಮ್ಮೆ ಬಗ್ಗಿದರೆ ನಾವೂ ಇನ್ನೊಮ್ಮೆ.

ಐದರ ಮೇಲೆ ಏನು ಮಾಡೋದು ಎಂಬ ಯೋಚನೆ ಹುಟ್ಟಿದ್ದು ಮೊದಲನೇ ರಾತ್ರಿ. ಅಲ್ಲಿ ಹನ್ನೆರಡಾದರೆ ನಮ್ಮೂರಲ್ಲಿ ಇನ್ನೂ ಎಂಟೂವರೆ. ನಿದ್ದೆ ಎಲ್ಲಿಂದ ಬರಬೇಕು? ಸುಮ್ನೆ ರೈಲು ನಕ್ಷೆ ನೋಡುತ್ತಾ ಮಲಗಿದ್ದೆ. ನಮ್ಮ ಹೋಟೆಲ್ ಪಕ್ಕದ ಕೈಹಿನ್ ಮಕುಹಾರಿ ಸ್ಟೇಷನ್ ಇರುವುದು ಕೇಯೋ ಲೈನ್ ಮೇಲೆ. ಅದೇ ಲೈನಿನಲ್ಲಿ ಟೋಕಿಯೊ ಕಡೆಗೆ ಬೆರಳು ಎಳೆದುಕೊಂಡು ಹೋದರೆ ಮೈಹಾಮ. ಮೈಹಾಮ ಅಂದರೆ ಡಿಸ್ನಿ ಪಾರ್ಕ್. ರೈಲು ಬದಲಿಸುವ ಹಾಗೂ ಇಲ್ಲ. ಅರ್ಧ ಗಂಟೆಯ ದಾರಿ.

ವಾರದ ದಿನಗಳಲ್ಲಿ ಅಲ್ಲಿ ಸಂಜೆ ಐದರ ಮೇಲೆ ಒಳಗೆ ಬಿಡುವ ಬೇರೆಯೇ ಟಿಕೆಟ್ ಇದೆ. ವೀಕ್‌ನೈಟ್ ಪಾಸ್‌ಪೋರ್ಟ್ ಅಂತ ಹೆಸರು. ಇಡೀ ದಿನದ ಟಿಕೆಟ್ ಆ ತಿಂಗಳಿಂದ ದಿನ ನೋಡಿಕೊಂಡು 10,900 ಯೆನ್‌ವರೆಗೂ ಏರಿತ್ತು. ಸಂಜೆಯದು ಅದರ ಅರ್ಧದ ಆಸುಪಾಸು, ಅಂದರೆ ನಮ್ಮ ಮೂರು ಸಾವಿರ ರೂಪಾಯಿ ಹತ್ತಿರ. ಕೆಲಸ ಮುಗಿಸಿ ಬರುವ ನನ್ನಂಥವರಿಗೇ ಮಾಡಿಟ್ಟ ಹಾಗಿತ್ತು.

ಹೋಟೆಲಿನ ನೋಟ್‌ಪ್ಯಾಡ್ ಮೇಲೆ ಲೆಕ್ಕ ಹಾಕಿದೆ. ಟಿಕೆಟ್ ಪ್ರಕಾರ ಐದರಿಂದ ಒಂಬತ್ತು, ನಾಲ್ಕು ಗಂಟೆ. ಸ್ಟಾಲ್ ಮುಚ್ಚಿ ಹೊರಬೀಳಲು ಕಾಲು ಗಂಟೆ ಕಳೆಯಿರಿ. ಸ್ಟೇಷನ್‌ಗೆ ನಡಿಗೆ, ರೈಲು, ಅಲ್ಲಿಂದ ಮತ್ತೆ ಮೋನೊರೈಲು. ಉಳಿದದ್ದು ಎರಡೂಮುಕ್ಕಾಲು ಗಂಟೆ. ಇಂಥ ಜಾಗಕ್ಕೆ ಎರಡೂಮುಕ್ಕಾಲು ಗಂಟೆಗೆ ಹೋಗುವವನು ಏನೇನು ನೋಡಬೇಕು ಅಂತ ಪಟ್ಟಿ ಮಾಡಬಾರದು, ಏನೇನು ಬಿಡಬೇಕು ಅಂತ ಮಾಡಬೇಕು. ನಾನು ಮೊದಲ ಗೆರೆಯಲ್ಲೇ ಡಿಸ್ನಿಲ್ಯಾಂಡ್ ಹೊಡೆದುಹಾಕಿದೆ. ಅಲ್ಲಿ ಎರಡು ಪಾರ್ಕ್‌ಗಳಿವೆ. 1983ರ ಲ್ಯಾಂಡ್ ಒಂದು, 2001ರ ಡಿಸ್ನಿಸೀ ಇನ್ನೊಂದು. ಕೋಟೆ ಇರುವ ಲ್ಯಾಂಡ್ ಬೇರೆ ದೇಶಗಳಲ್ಲೂ ಇದೆ. ಸೀ ಇರುವುದು ಇಲ್ಲಿ ಮಾತ್ರ. ಆಮೇಲೆ ಒಂದೇ ರೈಡ್, ಒಂದು ರಾತ್ರಿ ಪ್ರದರ್ಶನ, ಒಂದು ತಿಂಡಿ. ಅಷ್ಟೇ ಉಳಿಸಿದೆ.

ಟಿಕೆಟ್ ಕೊಳ್ಳುವುದೇ ದೊಡ್ಡ ರೈಡ್ ಆಯಿತು. ನನ್ನ ಕಾರ್ಡ್‌ನಲ್ಲಿ ಇಂಟರ್‌ನ್ಯಾಷನಲ್ ಆಪ್ಷನ್ ಆಫ್ ಆಗಿತ್ತು. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿದೆ. ಆಮೇಲೆ ಒಟಿಪಿ. ಅದು ಬರುವುದು ಬೆಂಗಳೂರಿನ ನಂಬರಿಗೆ. ಆ ಸಿಮ್ ಪರ್ಸಿನ ಚಿಲ್ಲರೆ ಖಾನೆಯಲ್ಲಿ ಮಲಗಿತ್ತು. ಫೋನ್ ಒಳಗಿದ್ದದ್ದು ವಿಮಾನ ನಿಲ್ದಾಣದಲ್ಲಿ ಕೊಂಡ ಜಪಾನಿ ಸಿಮ್. ಸಿಮ್ ತೆಗೆಯುವ ಪಿನ್ ಯಾರ ಹತ್ತಿರ ಇರುತ್ತದೆ ಹೇಳಿ. ಎಕ್ಸಿಬಿಷನ್ ಬ್ಯಾಡ್ಜಿನ ಸೇಫ್ಟಿ ಪಿನ್ ಬಿಚ್ಚಿ, ಅದರ ಮೊನೆಯನ್ನು ಆ ತೂತಿಗೆ ಒತ್ತಿ, ಟ್ರೇ ಎದ್ದು ಬರುವಷ್ಟರಲ್ಲಿ ಬೆರಳಿನಲ್ಲಿ ಒಂದು ಹನಿ ರಕ್ತ. ಒಟಿಪಿ ಬಂತು. ಪೇಜ್ ಅಷ್ಟರಲ್ಲಿ ಟೈಮ್‌ಔಟ್ ಆಗಿತ್ತು. ಎರಡನೇ ಸಲಕ್ಕೆ ಆಯಿತು. ಗಂಟೆ ಒಂದೂವರೆ.

ಮಾರನೇ ದಿನ ಮಧ್ಯಾಹ್ನ ಸಾಹೇಬರು ಕೇಳಿದರು, "ಸಂಜಿಗೆ ಏನ್ ಮಾಡ್ತೀರಿ?"

ಸಾಹೇಬರು ಧಾರವಾಡದವರು. ರಿಟೈರ್‌ಮೆಂಟಿಗೆ ಎರಡು ವರ್ಷ ಇತ್ತು. ಮನೆಯಲ್ಲಿ ಘಟ ಕೂಡಿಸಿದ್ದಾರೆ, ನಾನಿಲ್ಲಿ ನಿಂತಿದ್ದೇನೆ ಅಂತ ಬೆಳಿಗ್ಗೆಯಿಂದ ಎರಡು ಸಲ ಹೇಳಿದ್ದರು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಹೇಳಿದೆ. ಈಗ ಬೈಯುತ್ತಾರೆ ಅಂದುಕೊಂಡೆ.

"ನಾನೂ ಬರ್ತೇನ್ರಿ. ಒಬ್ಬನ ಹೋಟೆಲಿನ್ಯಾಗ ಕೂತು ಏನ್ ಮಾಡ್ಲಿ?"

ಹೀಗೆ ಇನ್ನೊಂದು ಟಿಕೆಟ್. ಈ ಸಲ ಸೇಫ್ಟಿ ಪಿನ್ ಕೆಲಸ ಎರಡೇ ನಿಮಿಷದಲ್ಲಿ ಮುಗಿಯಿತು.

ಅವತ್ತು ಐದಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ಒಬ್ಬರು ಬಂದು ಡೇಟಾಶೀಟ್ ಕೇಳಿದರು, ಕೂತೇಬಿಟ್ಟರು. ಒಳ್ಳೆಯ ಪ್ರಶ್ನೆಗಳು. ನಾನು ಉತ್ತರ ಕೊಡುತ್ತಾ ಗೋಡೆ ಗಡಿಯಾರ ನೋಡಿದ್ದನ್ನು ಸಾಹೇಬರು ನೋಡಿದರು. ನಾವು ಹೊರಗೆ ಬಂದಾಗ ಐದೂವರೆ, ಪೂರಾ ಕತ್ತಲು. ಅಕ್ಟೋಬರ್‌ನಲ್ಲಿ ಅಲ್ಲಿ ಐದಕ್ಕೇ ಸೂರ್ಯ ಮುಳುಗುತ್ತಾನೆ. ಇಬ್ಬರೂ ಸೂಟು ಟೈ. ಬಟ್ಟೆ ಬದಲಿಸುವ ಹತ್ತು ನಿಮಿಷ ನನ್ನ ಲೆಕ್ಕದಲ್ಲಿ ಇರಲಿಲ್ಲ.

ಮೈಹಾಮದಲ್ಲಿ ಇಳಿದರೆ ಮೋನೊರೈಲು. ಕಿಟಕಿ ಮಿಕ್ಕಿಯ ತಲೆಯ ಆಕಾರ, ನಿಂತವರು ಹಿಡಿದುಕೊಳ್ಳುವ ಬಳೆಯೂ ಮಿಕ್ಕಿ. ಇದು ಒಂದೇ ದಿಕ್ಕಿಗೆ ಸುತ್ತು ಹೊಡೆಯುತ್ತದೆ. ಡಿಸ್ನಿಸೀ ಬರುವುದು ಕೊನೆಗೆ. ಹೋಗುವಾಗ ಮೂರು ಸ್ಟೇಷನ್, ಬರುವಾಗ ಒಂದೇ. ಹೋಗುವವರಿಗೆ ತಡ ಅನ್ನಿಸಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿರಬೇಕು.

"ಇದೆಲ್ಲ ಮಣ್ಣ ಹಾಕಿ ಮಾಡಿದ ಜಾಗಾ ಅಲ್ರಿ?" ಸಾಹೇಬರು ಕಿಟಕಿಯಿಂದ ಕೆಳಗೆ ನೋಡುತ್ತಾ ಕೇಳಿದರು.

ಹೌದು. ಹೆಸರಿಗೆ ಟೋಕಿಯೊ, ಇರುವುದು ಚಿಬಾ ಪ್ರಾಂತ್ಯದ ಉರಾಯಾಸುವಿನಲ್ಲಿ. ಒಂದು ಕಾಲಕ್ಕೆ ಚಿಪ್ಪು ಆರಿಸುವ, ಸಮುದ್ರದ ಪಾಚಿ ಬೆಳೆಯುವ ಮೀನುಗಾರರ ಊರು. 1971ರಲ್ಲಿ ಅವರು ಮೀನುಗಾರಿಕೆಯ ಹಕ್ಕನ್ನು ಪೂರ್ತಿ ಬಿಟ್ಟುಕೊಟ್ಟರು. ಆಮೇಲೆ ಸಮುದ್ರ ತುಂಬಿದ ಜಾಗದ ಮೇಲೆ ಇದೆಲ್ಲ ಎದ್ದಿತು. ಇಂಥ ನೆಲಕ್ಕೆ ಭೂಕಂಪ ಅಂದರೆ ಭಯ, ಒದ್ದೆ ಮರಳು ಅಲುಗಿದರೆ ಗಂಜಿಯಾಗುತ್ತದೆ. 2011ರ ಮಾರ್ಚ್‌ನಲ್ಲಿ ಉರಾಯಾಸುವಿನ ರಸ್ತೆ, ಮನೆಗಳ ಕೆಳಗೆ ಹಾಗೇ ಆಯಿತು. ಪಾರ್ಕ್‌ಗಳ ಒಳಗೆ ಹೆಚ್ಚೇನೂ ಆಗಲಿಲ್ಲ. ಕಟ್ಟುವ ಮುಂಚೆಯೇ ನೆಲದೊಳಗೆ ಮರಳಿನ ಕಂಬಗಳನ್ನು ಇಳಿಸಿ ಬಿಗಿ ಮಾಡಿದ್ದರು. ಆದರೂ ತಿಂಗಳ ಮೇಲೆ ಬಾಗಿಲು ಹಾಕಿತ್ತು. ಹಿಂದಿನ ರಾತ್ರಿ ಓದಿಕೊಂಡಿದ್ದನ್ನು ಒಪ್ಪಿಸಿದೆ. ಸಾಹೇಬರು ತಲೆಯಾಡಿಸಿದರು. "ಕಾಣಲಾರದ್ದಕ್ಕ ರೊಕ್ಕ ಹಾಕ್ಯಾರ ನೋಡ್ರಿ." ನಮ್ಮ ಕಂಪನಿಯಲ್ಲಿ ಕ್ಯಾಲಿಬ್ರೇಷನ್‌ಗೆ, ಅಂದರೆ ಸೆನ್ಸರ್ ಅಳತೆ ಸರಿ ಇದೆಯಾ ಅಂತ ನೋಡುವ ಕೆಲಸಕ್ಕೆ, ದುಡ್ಡು ಕೇಳುವಾಗ ಅವರು ಇದೇ ದನಿಯಲ್ಲಿ ಮಾತಾಡುತ್ತಾರೆ.

ಗೇಟಿನ ಹತ್ತಿರ ಬಂದಾಗ ಆರೂಕಾಲು. ನಾನು ಫೋನ್ ತೆಗೆದು ಕ್ಯೂಆರ್ ಕೋಡ್ ರೆಡಿ ಮಾಡುತ್ತಿದ್ದೆ. ಸಾಹೇಬರು ಬೆಂಚ್ ಮೇಲೆ ಕೂತು ಬ್ಯಾಗ್ ಬಿಚ್ಚಿದರು. ಒಳಗೆ ಊಟ ಒಯ್ಯುವ ಹಾಗಿಲ್ಲ ಅಂತ ನಾನೇ ರೈಲಿನಲ್ಲಿ ಹೇಳಿದ್ದೆ. ತಪ್ಪಾಯಿತು. ಸ್ಟೀಲ್ ಡಬ್ಬಿಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಪುಟ್ಟ ಬಾಟಲಿಯಲ್ಲಿ ಎಣ್ಣೆ. ಜಪಾನಿನ ಜನ ಎಷ್ಟು ಸದ್ದಿಲ್ಲದೆ ಓಡಾಡುತ್ತಾರೆ ಅಂತ ನನಗೆ ಅರ್ಥವಾದದ್ದು ಆಗಲೇ. ರೊಟ್ಟಿ ಮುರಿದ ಸದ್ದಿಗೆ ಪಕ್ಕದ ಬೆಂಚಿನ ಇಬ್ಬರು ಹುಡುಗಿಯರು ಒಟ್ಟಿಗೆ ತಿರುಗಿದರು. ತಲೆ ಮೇಲೆ ಮಿಕ್ಕಿ ಕಿವಿ ಇತ್ತು. ಸಾಹೇಬರು ಒಂದು ತುಂಡು ಮುಂದೆ ಹಿಡಿದರು. ಅವರು ಎರಡೂ ಕೈ ಚಾಚಿ ತಗೊಂಡರು, ವಿಸಿಟಿಂಗ್ ಕಾರ್ಡಿನ ಹಾಗೆ. ಕಡಿದರು. ಇಬ್ಬರೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಹನ್ನೆರಡು ನಿಮಿಷ ಹೋಯಿತು. ನನಗೂ ಹಸಿವಾಗಿತ್ತು ಅನ್ನಿ, ಮೂರು ರೊಟ್ಟಿ ತಿಂದೆ.

ಒಳಗೆ ಹೋದರೆ ಎದುರಿಗೆ ಇಟಲಿಯ ಬಂದರಿನಂಥ ನೀರು, ಸುತ್ತ ದೀಪ ಹೊತ್ತ ಮನೆಗಳು, ಹಿಂದೆ ಒಂದು ಜ್ವಾಲಾಮುಖಿ. ಅಲ್ಲಲ್ಲಿ ಹ್ಯಾಲೋವೀನ್ ಕುಂಬಳಕಾಯಿ. "ಇಲ್ಲೂ ಆಯುಧಪೂಜಿ ತಯಾರಿ ನಡದದ," ಅಂದರು ಸಾಹೇಬರು.

ನನ್ನ ಒಂದೇ ರೈಡ್ ಅಂದರೆ ಆ ಜ್ವಾಲಾಮುಖಿಯ ಹೊಟ್ಟೆಯೊಳಗಿನದು. ಸಾಲು ತಪ್ಪಿಸಲು ದುಡ್ಡು ಕೊಟ್ಟು ಸಮಯ ಕಾದಿರಿಸುವ ಪ್ರೀಮಿಯರ್ ಆ್ಯಕ್ಸೆಸ್ ಇದೆ, ಪಾರ್ಕ್ ಒಳಗೆ ಕಾಲಿಟ್ಟ ಮೇಲೆ ಆ್ಯಪ್‌ನಲ್ಲಿ ಕೊಳ್ಳಬೇಕು. ಆಗ ತಲೆಗೆ 1,500 ಯೆನ್.

"ತಿರುಪತಿ ಸ್ಪೆಷಲ್ ದರ್ಶನ ಆತಲ್ರಿ," ಅಂದರು. ಹೌದು ಸಾರ್, ಅದೇ. ಬೆಳಿಗ್ಗೆಯಿಂದ ಬಂದವನು ಬೇಕಾದರೆ ಸಾಲಿನಲ್ಲಿ ನಿಲ್ಲಲಿ. ಎರಡೂವರೆ ಗಂಟೆಗೆ ಬಂದವನಿಗೆ ಒಂದು ತಾಸಿನ ಸಾಲು ಅಂದರೆ ಅರ್ಧ ಟಿಕೆಟ್ ಸುಟ್ಟ ಹಾಗೆ. ಇಂಥ ಕಡೆ ಜಿಪುಣತನ ಮಾಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಏಳು ಗಂಟೆಗೆ ನಮ್ಮ ಹೊತ್ತು. ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಸಾಹೇಬರು ಪ್ರತಿ ಹತ್ತು ಹೆಜ್ಜೆಗೆ ನಿಂತರು. ಬಂಡೆಯನ್ನು ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಕಬ್ಬಿಣದ ಪೈಪಿನ ತುಕ್ಕನ್ನು ಉಗುರಿನಿಂದ ಕೆರೆದು ನೋಡಿದರು. ಬಣ್ಣ. "ತುಕ್ಕು ಹಿಡೀಲಾರದಂಗ ಮಾಡಾಕ ನಾವು ಒದ್ದಾಡ್ತೀವಿ, ಇವ್ರು ಬೇಕಂತ ತುಕ್ಕು ಬರೀತಾರ." ತುಕ್ಕು ಸೋರಿ ಗೋಡೆ ಮೇಲೆ ಇಳಿದ ಕಂದು ಗೆರೆ ಕೂಡ ಇತ್ತು, ನಟ್ಟಿನ ಕೆಳಗಿನಿಂದಲೇ ಶುರುವಾಗಿ, ಇಳಿಯುತ್ತಾ ಇಳಿಯುತ್ತಾ ಮಾಸಿದ್ದು. ಅದನ್ನು ಯಾರೋ ಕುಂಚ ಹಿಡಿದು ಬರೆದಿದ್ದಾರೆ ಅಂದುಕೊಂಡು ನೋಡಿದರೆ ಬೇರೆಯೇ ಕಾಣುತ್ತದೆ.

ರೈಡಿಗೆ ಮುಂಚೆ ಒಂದು ಲಿಫ್ಟ್. ಭೂಮಿಯ ಒಳಗೆ ಇಳಿಸುವ ಲಿಫ್ಟ್ ಅಂತ ಲೆಕ್ಕ. ಬಾಗಿಲು ಮುಚ್ಚಿತು. ಗಡಗಡ ಸದ್ದು, ನಡುಕ. ಮಕ್ಕಳು ಅಮ್ಮಂದಿರ ಕೋಟು ಹಿಡಿದುಕೊಂಡರು. ನನಗೂ ಹೊಟ್ಟೆಯಲ್ಲಿ ಇಳಿದ ಹಾಗೇ ಆಯಿತು. ಸಾಹೇಬರು ಮಾತ್ರ ಫೋನ್ ನೋಡುತ್ತಿದ್ದರು. ಅವರ ಫೋನಿನಲ್ಲಿ ಗಾಳಿಯ ಒತ್ತಡ ತೋರಿಸುವ ಒಂದು ಆ್ಯಪ್ ಇದೆ. ನಮ್ಮ ಲೈನಿನವರ ಚಟ ಇದು, ವಿಮಾನದಲ್ಲೂ ನೋಡುತ್ತಾರೆ. ಇಳಿದರೆ ಒತ್ತಡ ಏರಬೇಕು, ಏರಿದರೆ ಇಳಿಯಬೇಕು. ಒತ್ತಡ ಅಳೆಯುವ ಮಾನದಲ್ಲಿ ಹೇಳುವುದಾದರೆ ಒಂದು ಮೀಟರಿಗೆ ಸುಮಾರು 0.12 ಹೆಕ್ಟೋಪಾಸ್ಕಲ್.

ಬಾಗಿಲು ತೆರೆಯುವ ಮುಂಚೆ ಅವರು ನನ್ನ ತೋಳು ಹಿಡಿದರು. ಸುತ್ತ ಯಾರಿಗೂ ಕನ್ನಡ ಬರಲ್ಲ, ಆದರೂ ಪಿಸುಮಾತು.

"ಇದು ಮ್ಯಾಲ ಬಂದದರೀ!"

ಫೋನ್ ತೋರಿಸಿದರು. ಅರ್ಧ ಹೆಕ್ಟೋಪಾಸ್ಕಲ್ ಇಳಿದಿತ್ತು. ನಾಲ್ಕು ಮೀಟರ್, ಒಂದು ಮಹಡಿ. ಇಪ್ಪತ್ತು ಜನ ಪಾತಾಳಕ್ಕೆ ಇಳಿದೆವು ಅಂತ ನಂಬಿ ಹೊರಗೆ ಹೆಜ್ಜೆ ಇಡುತ್ತಿದ್ದರು, ನಾವಿಬ್ಬರು ಟೈ ಕಟ್ಟಿದವರು ಮಾತ್ರ ಮೊದಲ ಮಹಡಿಯಲ್ಲಿದ್ದೆವು. ನಾಲ್ಕು ದಿನ ಸ್ಟಾಲ್‌ನಲ್ಲಿ ಅವರ ಮುಖದಲ್ಲಿ ನೋಡದ ನಗು ಆಗ ನೋಡಿದೆ.

ರೈಡ್ ಬಗ್ಗೆ ಹೆಚ್ಚು ಹೇಳಲ್ಲ. ಹೊಳೆಯುವ ಹರಳು, ಬೆಂಕಿ, ಒಂದು ದೊಡ್ಡ ಪ್ರಾಣಿ. ಆಮೇಲೆ ಗಾಡಿ ಇದ್ದಕ್ಕಿದ್ದಂತೆ ವೇಗ ಹಿಡಿದು ಬೆಟ್ಟದ ಹೊಟ್ಟೆ ಸೀಳಿಕೊಂಡು ರಾತ್ರಿಯ ಗಾಳಿಗೆ ಬಂತು. ಅರೆಕ್ಷಣ ಇಡೀ ಬಂದರಿನ ದೀಪ ಕಂಡವು, ಬಿದ್ದೆವು. ಸಾಹೇಬರು "ಅವ್ವಾ" ಅಂದರು. ನಾನೂ ಏನೋ ಅಂದೆ, ಇಲ್ಲಿ ಬರೆಯುವಂಥದ್ದಲ್ಲ.

ತಿಂಡಿ ಅಂತ ಇಟ್ಟುಕೊಂಡದ್ದು ಪಾರ್ಕಿನ ಅರೇಬಿಯನ್ ಕೋಸ್ಟ್ ಅನ್ನುವ ಭಾಗದಲ್ಲಿ ಸಿಗುವ ಕರ್ರಿ ಮಸಾಲೆಯ ಪಾಪ್‌ಕಾರ್ನ್. ದೂರದಿಂದಲೇ ಮಸಾಲೆ ವಾಸನೆ. ಸಾಹೇಬರು ಸಸ್ಯಾಹಾರಿ, ಮೂಸಿ ನೋಡಿ ಹಿಂದೆ ಕೊಟ್ಟರು. ನಾನು ಇಡೀ ಪೊಟ್ಟಣ ಖಾಲಿ ಮಾಡಿದೆ. ನಿಜ ಹೇಳಬೇಕೆಂದರೆ ಚಟ್ನಿ ಪುಡಿ ಉದುರಿಸಿಕೊಂಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ರಾತ್ರಿ ಪ್ರದರ್ಶನಕ್ಕೆ ಜನ ಬಂದರಿನ ಸುತ್ತ ಪುಟ್ಟ ಶೀಟ್ ಹಾಸಿಕೊಂಡು ಯಾವಾಗಲೋ ಕೂತಾಗಿತ್ತು. ನಮಗೆ ಸಿಕ್ಕಿದ್ದು ಮೂರು ಸಾಲು ತಲೆಗಳ ಹಿಂದೆ ನಿಲ್ಲುವ ಜಾಗ. ಬೆಳಿಗ್ಗೆಯಿಂದ ನಿಂತ ಕಾಲುಗಳ ಮೇಲೆ ಮತ್ತೆ ಅರ್ಧ ಗಂಟೆ. ದೋಣಿ, ಬೆಳಕು, ನೀರು, ಹಾಡು. ನನ್ನ ಪ್ಲಾನಿನಲ್ಲಿ ಇದೇ ಮುಖ್ಯ ಘಟ್ಟ. ಆದರೆ ನಾನು ನೋಡುತ್ತಿದ್ದದ್ದು ಜಾಸ್ತಿ ಗಡಿಯಾರವನ್ನೇ, ಸಾಹೇಬರು ನೋಡುತ್ತಿದ್ದದ್ದು ನೀರಿನ ಮಧ್ಯದ ತೇಲುವ ವೇದಿಕೆಯ ಕೆಳಭಾಗವನ್ನು. ಮುಗಿದ ಮೇಲೆ, ಅದನ್ನು ಅಲುಗದ ಹಾಗೆ ಹೇಗೆ ನಿಲ್ಲಿಸಿರಬಹುದು ಅಂತ ಸ್ಟೇಷನ್‌ವರೆಗೂ ಚರ್ಚೆ ನಡೆಯಿತು. ಮೋನೊರೈಲು, ಒಂದೇ ಸ್ಟೇಷನ್. ಕೇಯೋ ಲೈನಿನಲ್ಲಿ ಸೀಟು ಸಿಕ್ಕಿತು. ಎರಡನೇ ಸ್ಟೇಷನ್ ದಾಟುವ ಮುಂಚೆ ಅವರು ಡಬ್ಬಿ ಇದ್ದ ಬ್ಯಾಗ್ ಅಪ್ಪಿಕೊಂಡು ನಿದ್ದೆ ಹೋದರು.

ಪೀಣ್ಯಕ್ಕೆ ವಾಪಸ್ ಬಂದು ಎರಡು ವಾರ ಆಗಿತ್ತು. ಪ್ರಯಾಣದ ಬಿಲ್‌ಗಳ ಜೊತೆ ರೈಲು ಕಾರ್ಡಿನ ಹಿಸ್ಟರಿ ಪ್ರಿಂಟ್ ಕೊಟ್ಟಿದ್ದೆ. ಅದು ಹತ್ತಿದ ಇಳಿದ ಸ್ಟೇಷನ್ ಒಂದನ್ನೂ ಬಿಡದೆ ಬರೆದಿಡುತ್ತದೆ. ಅಕೌಂಟ್ಸ್ ಮೇಡಂ ಹಾಳೆ ಹಿಡಿದುಕೊಂಡು ಸಾಹೇಬರ ಕ್ಯಾಬಿನ್‌ಗೆ ಬಂದರು. ನಾನೂ ಅಲ್ಲೇ ಇದ್ದೆ.

"ಸಾರ್, ಎಲ್ಲ ಟ್ಯಾಲಿ ಆಯ್ತು. ಈ ಮೈಹಾಮ ಅಂತ ಇದೆಯಲ್ಲ, ಇದು ಯಾವ ಕಸ್ಟಮರ್?"

ನಾನು ಸಾಹೇಬರ ಮುಖ ನೋಡಿದೆ. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ಅಲ್ಲೊಂದು ಲಿಫ್ಟ್ ಚೆಕ್ ಮಾಡೋದಿತ್ತು," ಅಂದರು. ಆಮೇಲೆ ಪರ್ಸ್ ತೆಗೆದರು. "ಅದನ್ನ ಹೊಡದ ಹಾಕ್ರಿ. ಇಬ್ಬರದೂ ಎಷ್ಟಾತು ಹೇಳ್ರಿ."