ಕನ್ನಡ ಪ್ರಬಂಧಗಳ ಹುಡುಕಾಟ
ಇವತ್ತು ಸಂಶೋಧನಾ ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಜನಪದ ಕಾವ್ಯದ ಮೇಲಿನ ಹಳೆಯ ಪಿಎಚ್‌ಡಿ ಪ್ರಬಂಧವೊಂದು ಸಿಕ್ಕಿತು. ಅಧ್ಯಾಯಕ್ಕೊಂದು ಪಿಡಿಎಫ್, ಕಾಸು ಕೊಡಬೇಕಿಲ್ಲ. ಮೊದಲಾಗಿದ್ದರೆ ಆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೇ ಹೋಗಿ, ಅಲ್ಲೇ ಕೂತು ನೋಟ್ಸ್ ಬರೆದುಕೊಳ್ಳಬೇಕಿತ್ತು. ಪ್ರಬಂಧದ ಡಿಜಿಟಲ್ ಪ್ರತಿಯನ್ನೂ ಕೊಡಬೇಕು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರಲ್ಲಿ ನಿಯಮ ಮಾಡಿತು. ಗುಜರಾತಿನ ಗಾಂಧಿನಗರದಲ್ಲಿರುವ ಗ್ರಂಥಾಲಯ ಜಾಲ ಕೇಂದ್ರ ಇನ್‌ಫ್ಲಿಬ್‌ನೆಟ್ ದೇಶದ ಪ್ರಬಂಧಗಳನ್ನು ಹೀಗೆ ಶೋಧಗಂಗಾದಲ್ಲಿ ಒಂದೇ ಕಡೆ ಇಡುತ್ತಿದೆ. ನಿಜಕ್ಕೂ ದೊಡ್ಡ ಕೆಲಸ.

ಕನ್ನಡದ ಹಳೆಯ ಪ್ರಬಂಧಗಳದ್ದು ಮಾತ್ರ ಬೇರೆ ಕಥೆ. ಸ್ಕ್ಯಾನ್ ಮಾಡಿದ ಪುಟ ಅಂದ್ರೆ ಬರೀ ಚಿತ್ರ, ಅಲ್ವಾ? ‘ಗರತಿ’ ಅಂತ ಟೈಪ್ ಮಾಡಿ ಒಳಗೆ ಹುಡುಕಿದರೆ ಏನೂ ಬರುವುದಿಲ್ಲ. ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಮುಂಚಿನ ಫಾಂಟ್ ಆದರೆ, ಕಾಪಿ ಮಾಡಿದ ಸಾಲು ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ವಿಶ್ವವಿದ್ಯಾಲಯಗಳು ಸ್ಕ್ಯಾನ್ ಜೊತೆಗೇ ಓಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಹುಡುಕಬಹುದಾದ ಪಠ್ಯವಾಗಿಸುವುದು) ಮಾಡಿಸಿ, ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೂ ತುಂಬಿಸಲಿ. ಗ್ರಂಥಾಲಯಗಳಿಗೆ ಅದಕ್ಕೆ ಜನ ಮತ್ತು ದುಡ್ಡು ಎರಡೂ ಸಿಗಬೇಕು.